ಬ್ರೌನ್‌ಸೀ ದ್ವೀಪದಿಂದ ನಮ್ಮ ಶಾಲೆಯ ಬಯಲಿಗೆ: ಸ್ಕೌಟ್ ಶತಮಾನೋತ್ಸವದ ಒಂದು ನೆನಪು

2007ರ ಜುಲೈ ತಿಂಗಳ ಒಂದು ಸಂಜೆ. ನಾನು ನಿವೃತ್ತನಾಗಿ ವರ್ಷ ಕಳೆದಿತ್ತು. ನಾನು ಕೊನೆಯದಾಗಿ ಪಾಠ ಹೇಳಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಮನೆಗೆ ಬಂದು ಒಂದು ಸುತ್ತೋಲೆಯನ್ನು ಮುಂದಿಟ್ಟರು. ಸ್ಕೌಟ್ ಚಳವಳಿಗೆ ಆಗಸ್ಟ್ 1ಕ್ಕೆ ನೂರು ವರ್ಷ ತುಂಬುವುದೆಂದೂ, ಅಂದು ಬೆಳಿಗ್ಗೆ ಎಂಟು ಗಂಟೆಗೆ, ಆಯಾ ದೇಶದ ಗಡಿಯಾರದಂತೆ, ಪ್ರಪಂಚದ ಎಲ್ಲ ಸ್ಕೌಟುಗಳೂ ತಮ್ಮ ಪ್ರತಿಜ್ಞೆಯನ್ನು ನವೀಕರಿಸುವರೆಂದೂ ಅದರಲ್ಲಿತ್ತು. "ಧ್ವಜವಂದನೆ, ಭಾಷಣ, ಬಹುಮಾನ ಇವೆಲ್ಲ ನಾವು ನೋಡಿಕೊಳ್ಳುತ್ತೇವೆ ಸಾರ್. ಹಳೆಯ ಕಾಲದ ಆಟಪಾಟಗಳನ್ನು ಮಕ್ಕಳಿಂದ ಆಡಿಸಬೇಕಂತೆ. ಅದು ನಿಮಗೇ ಗೊತ್ತು" ಎಂದರು. ನನ್ನನ್ನೂ ಅವರು ಹಳೆಯ ಕಾಲದ ಪಟ್ಟಿಯಲ್ಲಿ ಸೇರಿಸಿದ್ದರೆಂಬುದು ನನಗೆ ತಿಳಿಯದೆ ಹೋಗಲಿಲ್ಲ, ಆದರೂ ಒಪ್ಪಿಕೊಂಡೆ. ಇಪ್ಪತ್ತು ವರ್ಷಗಳಿಗೂ ಮೀರಿ ಸ್ಕೌಟ್ ಮಾಸ್ತರನಾಗಿದ್ದವನಿಗೆ ಒಲ್ಲೆನೆಂದರೆ ನಾಲಿಗೆ ಹೊರಳುವುದಿಲ್ಲ.

ಹಳೆಯ ಕಾಲದ್ದನ್ನು ಆಡಿಸಬೇಕಾದರೆ ಮೊದಲು ಹಳೆಯ ಕಾಲವೇನೆಂಬುದನ್ನು ಸರಿಯಾಗಿ ತಿಳಿಯಬೇಕಷ್ಟೆ. ಅಷ್ಟು ವರ್ಷ ಮಕ್ಕಳಿಗೆ ನಾನು ಹೇಳುತ್ತ ಬಂದದ್ದು ತರಬೇತಿಯಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನೇ. ಆ ಹದಿನೈದು ದಿನಗಳಲ್ಲಿ ಮೊದಲ ಬಾರಿಗೆ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕುಳಿತೆ.

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಪೂಲ್ ಬಂದರಿನ ಒಳಗೆ ಬ್ರೌನ್‌ಸೀ ಎಂಬ ಪುಟ್ಟ ದ್ವೀಪವಿದೆ. 1907ರ ಆಗಸ್ಟ್ 1ರಿಂದ 8ರವರೆಗೆ ಐವತ್ತು ವರ್ಷದ ಸೇನಾಧಿಕಾರಿಯೊಬ್ಬ ಇಪ್ಪತ್ತು ಚಿಲ್ಲರೆ ಹುಡುಗರನ್ನು ಕರೆದುಕೊಂಡು ಅಲ್ಲಿ ಡೇರೆ ಹಾಕಿದ. ಆತನೇ ರಾಬರ್ಟ್ ಬೇಡನ್ ಪೊವೆಲ್. ದಕ್ಷಿಣ ಆಫ್ರಿಕದ ಮಾಫೆಕಿಂಗ್ ಪಟ್ಟಣದ 217 ದಿನಗಳ ಮುತ್ತಿಗೆಯನ್ನು ತಡೆದುನಿಂತು ತನ್ನ ದೇಶದಲ್ಲಿ ಮನೆಮಾತಾಗಿದ್ದವನು. ದ್ವೀಪದ ಒಡೆಯ ಚಾರ್ಲ್ಸ್ ವಾನ್ ರಾಲ್ಟ್ ಎಂಬಾತ ಸ್ಥಳ ಕೊಟ್ಟಿದ್ದ. ಹುಡುಗರಲ್ಲಿ ಅರ್ಧದಷ್ಟು ಮಂದಿ ಈಟನ್, ಹ್ಯಾರೋ ಮುಂತಾದ ದೊಡ್ಡ ಶಾಲೆಗಳವರು. ಉಳಿದವರು ಪೂಲ್ ಮತ್ತು ಬೋರ್ನ್‌ಮತ್ ಊರುಗಳ ಬಾಯ್ಸ್ ಬ್ರಿಗೇಡಿಗೆ ಸೇರಿದ್ದ ಸಾಮಾನ್ಯ ಮನೆಗಳ ಮಕ್ಕಳು. ಶಿಬಿರದ ಶುಲ್ಕವೂ ಒಂದೇ ಆಗಿರಲಿಲ್ಲ. ದೊಡ್ಡ ಶಾಲೆಯ ಹುಡುಗನಿಗೆ ಒಂದು ಪೌಂಡು, ಊರ ಹುಡುಗನಿಗೆ ಮೂರೂವರೆ ಷಿಲಿಂಗು. ಎಂದರೆ ಆರನೆಯ ಒಂದು ಪಾಲಿಗೆ ಹತ್ತಿರ. ಕೊಟ್ಟ ಹಣ ಬೇರೆ ಬೇರೆಯಾದರೂ ಮಲಗಿದ ಡೇರೆ ಒಂದೇ. ವರ್ಗಭೇದವೆಂಬುದು ನಮ್ಮ ಜಾತಿಭೇದದಷ್ಟೇ ಗಟ್ಟಿಯಾಗಿದ್ದ ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಹುಡುಗರನ್ನು ತೋಳ, ಗೂಳಿ, ಕಡಲಂಚಿನ ಕೊಕ್ಕುಡೊಂಕಿನ ಹಕ್ಕಿಯಾದ ಕರ್ಲ್ಯೂ, ಕಾಡುಕಾಗೆ ಎಂದು ನಾಲ್ಕು ಪಡೆಗಳಾಗಿ ಹಂಚಲಾಯಿತು. ಸ್ಕೌಟ್ ಸಮವಸ್ತ್ರವೆಂಬುದು ಆಗಿನ್ನೂ ಹುಟ್ಟಿರಲಿಲ್ಲ. ಗುರುತಿಗಾಗಿ ಭುಜದ ಮೇಲೆ ಉಣ್ಣೆಯ ಗೊಂಡೆ: ತೋಳಕ್ಕೆ ನೀಲಿ, ಗೂಳಿಗೆ ಹಸಿರು, ಕರ್ಲ್ಯೂಗೆ ಹಳದಿ, ಕಾಗೆಗೆ ಕೆಂಪು. ಬೆಳಗಿನ ಕರೆಗೆ ಊದುತ್ತಿದ್ದದ್ದು ಕುಡು ಎಂಬ ಆಫ್ರಿಕದ ಹುಲ್ಲೆಯ ಸುರುಳಿ ಕೊಂಬು. 1896ರ ಮಾಟಬೆಲೆ ಯುದ್ಧದಿಂದ ಬೇಡನ್ ಪೊವೆಲ್ ತಂದದ್ದು. ಆತನ ಒಂಬತ್ತು ವರ್ಷದ ಸೋದರನ ಮಗ ಡೊನಾಲ್ಡನೂ ಶಿಬಿರದಲ್ಲಿದ್ದು ಸಣ್ಣಪುಟ್ಟ ಓಡಾಟದ ಕೆಲಸ ಮಾಡುತ್ತಿದ್ದ. ಒಂದು ದಿನ ಅವಲೋಕನ, ಒಂದು ದಿನ ಕಾಡಿನ ವಿದ್ಯೆ, ಮತ್ತೊಂದು ದಿನ ಪ್ರಾಣರಕ್ಷಣೆ ಎಂದು ದಿನಕ್ಕೊಂದು ವಿಷಯ. ರಾತ್ರಿ ಶಿಬಿರಾಗ್ನಿಯ ಸುತ್ತ ಕುಳಿತವರಿಗೆ ಆಫ್ರಿಕದ ಕಥೆಗಳು.

ಬಹುಮಾನದ ವಿಷಯಕ್ಕೆ ಬಂದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕುಳಿತೆ. ಆ ಶಿಬಿರದಲ್ಲಿ ಬೆಳ್ಳಿಯ ಬಟ್ಟಲಿಲ್ಲ, ಪ್ರಶಸ್ತಿಪತ್ರವಿಲ್ಲ. ಹುಡುಗನಿಗೆ ಮೊದಲು ದೊರೆಯುತ್ತಿದ್ದದ್ದು ಹೂವಿನ ಎಸಳುಗಳಂತಿರುವ ಬಾಣದ ತುದಿಯ ಒಂದು ಹಿತ್ತಾಳೆ ಬಿಲ್ಲೆ. ಗಂಟು ಕಟ್ಟುವುದು, ಹೆಜ್ಜೆ ಗುರುತು ಹಿಡಿಯುವುದು, ದೇಶದ ಬಾವುಟವನ್ನು ತಿಳಿದಿರುವುದು ಮುಂತಾದ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮೇಲೆ 'ಸಿದ್ಧನಾಗಿರು' ಎಂಬ ಧ್ಯೇಯವಾಕ್ಯದ ಇನ್ನೊಂದು ಪಟ್ಟಿ ಅದರ ಕೆಳಗೆ ಸೇರುತ್ತಿತ್ತು. ಅಷ್ಟೇ. ಆ ಬಾಣದ ತುದಿಯೋ, ದಿಕ್ಸೂಚಿಯಲ್ಲಿ ಉತ್ತರವನ್ನು ತೋರುವ ಗುರುತು. ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಮೀರತ್ತಿನ ದಂಡಿನಲ್ಲಿ! ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1876ರಲ್ಲಿ, ಲಖನೌಗೆ ಬಂದಿಳಿದಿದ್ದ ಬೇಡನ್ ಪೊವೆಲ್ 1897ರಲ್ಲಿ ಮೀರತ್ತಿನಲ್ಲಿ ಒಂದು ಕುದುರೆ ದಳದ ನಾಯಕನಾದ. ಅಲ್ಲಿ ಬೇಹಿನ ವಿದ್ಯೆಯಲ್ಲಿ ಪಳಗಿದ ಸೈನಿಕರಿಗೆ ಅವನು ಕೊಟ್ಟ ಗುರುತು ಅದು. ಆ ಸೈನಿಕರಿಗಾಗಿ ಬರೆದ ಕೈಪಿಡಿ 1899ರಲ್ಲಿ ಅಚ್ಚಾಯಿತು. ಅದನ್ನು ಇಂಗ್ಲೆಂಡಿನ ಹುಡುಗರೂ ಉಪಾಧ್ಯಾಯರೂ ಕೊಂಡು ಓದುತ್ತಿರುವುದನ್ನು ಕಂಡ ಮೇಲೆಯೇ ಹುಡುಗರಿಗೆಂದು ಬೇರೆಯಾಗಿ ಬರೆಯುವ ಆಲೋಚನೆ ಬಂದದ್ದು. 1908ರ ಜನವರಿಯಿಂದ ಹದಿನೈದು ದಿನಕ್ಕೊಂದರಂತೆ ಆರು ಕಂತುಗಳಲ್ಲಿ ಹೊರಬಂದ 'ಸ್ಕೌಟಿಂಗ್ ಫಾರ್ ಬಾಯ್ಸ್' ಆ ಆಲೋಚನೆಯ ಫಲ.

ಇನ್ನು ನಮ್ಮ ಶಾಲೆಯ ಬಯಲಿನ ಕಥೆ.

ಮಕ್ಕಳಿಗೆ ನಾಲ್ಕು ಬಣ್ಣದ ಗೊಂಡೆ ಕಟ್ಟಿಸಿದೆ. ಉಣ್ಣೆಯ ನೂಲು ನಮ್ಮ ಹೊಲಿಗೆ ಟೀಚರ ಕೊಡುಗೆ. ಕರ್ಲ್ಯೂ ಹಕ್ಕಿಯನ್ನು ಕಂಡವರು ನಮ್ಮ ಹೋಬಳಿಯಲ್ಲಿ ಯಾರೂ ಇಲ್ಲದ್ದರಿಂದ ಆ ಪಡೆಗೆ ಟಿಟ್ಟಿಭ ಎಂದು ಹೆಸರಿಟ್ಟೆವು. ಬ್ರೌನ್‌ಸೀಯ ಹುಡುಗರು ತಿಮಿಂಗಿಲದ ಬೇಟೆ ಎಂಬ ಆಟ ಆಡಿದ್ದರು. ಮರದ ದಿಮ್ಮಿಗೆ ತಲೆ ಬಾಲ ಕೆತ್ತಿ ನೀರಿಗೆ ಬಿಟ್ಟು, ಎರಡು ದೋಣಿಗಳವರು ಈಟಿಯೆಸೆದು ತಮ್ಮ ತಮ್ಮ ದಡಕ್ಕೆ ಎಳೆಯುವುದು. ನಮ್ಮ ಕೆರೆಯಲ್ಲಿ ಆ ವರ್ಷ ನೀರಿತ್ತು, ತೆಪ್ಪವೂ ಇತ್ತು. ಮುಖ್ಯೋಪಾಧ್ಯಾಯರ ಧೈರ್ಯ ಮಾತ್ರ ಇರಲಿಲ್ಲ. ಅವರದು ತಪ್ಪೆನ್ನಲಾರೆ. ಕೊನೆಗೆ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಅದನ್ನೇ ಸಮುದ್ರವೆಂದು ಭಾವಿಸಿ, ಬಾಳೆದಿಂಡನ್ನು ತಿಮಿಂಗಿಲ ಮಾಡಿ, ತುದಿಗೆ ಮೊಳೆ ಹೊಡೆದ ಬಿದಿರುಕೋಲುಗಳಿಂದ ಬೇಟೆ ನಡೆಸಿದೆವು. ಐದೇ ನಿಮಿಷದಲ್ಲಿ ತಿಮಿಂಗಿಲ ನಾರುನಾರಾಗಿ ಹೋಯಿತು. ಕಡ್ಡಿಗೆ ಹಿಟ್ಟನ್ನು ಸುತ್ತಿ ಕೆಂಡದ ಮೇಲೆ ಸುಡುವ ರೊಟ್ಟಿಯ ಬಗ್ಗೆ ಬೇಡನ್ ಪೊವೆಲ್ ಬರೆದಿದ್ದಾನೆ. ಅವನದು ಗೋಧಿ, ನಮ್ಮದು ರಾಗಿ. ರಾಗಿಹಿಟ್ಟಿಗೆ ಕಡ್ಡಿಯನ್ನು ಅಪ್ಪಿಕೊಳ್ಳುವ ಗುಣವಿಲ್ಲವೆಂಬುದನ್ನು ಮೊದಲೇ ಯಾವ ಹೆಣ್ಣುಮಗಳನ್ನು ಕೇಳಿದ್ದರೂ ಹೇಳುತ್ತಿದ್ದಳು. ಉದುರಿ ಬೂದಿಯಲ್ಲಿ ಬಿದ್ದದ್ದನ್ನೇ ಹುಡುಗರು ಊದಿಕೊಂಡು ತಿಂದರು.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಕಿಮ್ ಆಟ. ಬಟ್ಟೆಯ ಕೆಳಗೆ ಇಪ್ಪತ್ತನಾಲ್ಕು ವಸ್ತುಗಳು: ಅಡಕೆಕತ್ತರಿ, ಗೋಲಿ, ಬಳಪ, ಹುಣಸೆಬೀಜ, ಒಡೆದ ಬಳೆ, ಹಳೆಯ ಎರಡಾಣೆ ನಾಣ್ಯ, ಹೀಗೆ. ಒಂದು ನಿಮಿಷ ತೋರಿಸಿ ಮುಚ್ಚಿ, ನೆನಪಿನಿಂದ ಬರೆಸುವುದು. ಎಂಟನೆಯ ತರಗತಿಯ ಒಬ್ಬ ಹುಡುಗಿ ಇಪ್ಪತ್ತೆರಡು ಬರೆದಳು. ಗೋಲಿಯಲ್ಲಿ ಬಿರುಕಿತ್ತೆಂಬುದನ್ನೂ ಸೇರಿಸಿದ್ದಳು. ಎರಡು ದಶಕ ಈ ಆಟವನ್ನು ಆಡಿಸಿದ ನಾನು ಅದು ಇಂಗ್ಲಿಷರ ಆಟವೆಂದೇ ತಿಳಿದಿದ್ದೆ. ಕಿಪ್ಲಿಂಗನ 'ಕಿಮ್' ಎಂಬ 1901ರ ಕಾದಂಬರಿಯಿಂದ ಅದನ್ನು ಎತ್ತಿಕೊಳ್ಳಲಾಗಿದೆ ಎಂಬುದನ್ನು ಆ ಜುಲೈನಲ್ಲೇ ಓದಿದ್ದು. ಕಾದಂಬರಿಯಲ್ಲಿ ಆಟ ನಡೆಯುವುದು ಸಿಮ್ಲಾದ ಒಂದು ರತ್ನದಂಗಡಿಯಲ್ಲಿ. ಕಿಮ್ ಬಿಳಿಯನ ಮಗ. ಅವನ ಎದುರಾಳಿ ಅಂಗಡಿಯಲ್ಲಿದ್ದ ಒಬ್ಬ ಹಿಂದೂ ಹುಡುಗ. ತಟ್ಟೆಯಲ್ಲಿಟ್ಟ ಹರಳುಗಳನ್ನು ನೆನಪಿಟ್ಟು ಹೇಳುವ ಪಂದ್ಯದಲ್ಲಿ ಮತ್ತೆ ಮತ್ತೆ ಗೆಲ್ಲುವವನು ಈ ಹುಡುಗನೇ, ಸೋಲುವವನು ಕಿಮ್.

ಈ ವಿವರ ನನ್ನನ್ನು ಬೇರೊಂದು ಕಡೆಗೆ ಎಳೆದುಕೊಂಡು ಹೋಯಿತು. ಏಕೆಂದರೆ ಅದೇ ವಾರ ನಾನು ನಮ್ಮ ಬೆಂಗಳೂರಿನ ಸಂಗತಿಯನ್ನೂ ಓದುತ್ತಿದ್ದೆ. ಬ್ರೌನ್‌ಸೀ ಶಿಬಿರ ನಡೆದ ಎರಡೇ ವರ್ಷಕ್ಕೆ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ದಳ ಆರಂಭವಾದದ್ದು ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಆರಂಭಿಸಿದವರು ಕ್ಯಾಪ್ಟನ್ ಟಿ. ಎಚ್. ಬೇಕರ್. ಮುಂದಿನ ಒಂದೆರಡು ವರ್ಷಗಳಲ್ಲಿ ಜಬಲ್ಪುರ, ಕಿರ್ಕಿ, ಮದ್ರಾಸು ಮೊದಲಾದೆಡೆ ದಳಗಳು ಎದ್ದವು. ನಮ್ಮ ನಾಡಿಗೆ ಹೆಮ್ಮೆಯ ಮಾತೆಂದು ಎಲ್ಲ ಸ್ಮರಣಸಂಚಿಕೆಗಳೂ ಇದನ್ನು ಹೇಳುತ್ತವೆ. ಮುಂದಿನ ವಾಕ್ಯವನ್ನು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ: ಆ ದಳಗಳು ಯೂರೋಪಿಯನ್ ಹಾಗೂ ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರ ತೆರೆದಿದ್ದವು. ಭಾರತೀಯ ಹುಡುಗನಿಗೆ ಪ್ರವೇಶವಿರಲಿಲ್ಲ. ಹೆಜ್ಜೆ ಗುರುತು ಹಿಡಿಯುವುದನ್ನೂ, ಸಂಜ್ಞೆ ಕಳುಹಿಸುವುದನ್ನೂ, ಸಂಘಟಿತರಾಗಿ ನಡೆಯುವುದನ್ನೂ ನಮ್ಮ ಹುಡುಗರಿಗೆ ಕಲಿಸಿದರೆ ನಾಳೆ ಅವರು ಯಾರ ಬೆನ್ನು ಹತ್ತಿಯಾರು ಎಂಬ ಶಂಕೆ ಆಳುವವರಿಗೆ. ಬಂಗಾಳ ವಿಭಜನೆಯ ಕಾವು ಆರದಿದ್ದ ಕಾಲವದು. ಕಥೆಯಲ್ಲಿ ಗೆಲ್ಲಬಹುದಾಗಿದ್ದ ಹುಡುಗ ದಳದೊಳಗೆ ಕಾಲಿಡುವಂತಿರಲಿಲ್ಲ. 1908ರ ಸ್ಕೌಟ್ ನಿಯಮಗಳಲ್ಲಿ ಇನ್ನೊಬ್ಬ ಸ್ಕೌಟು ಯಾವ ಸಾಮಾಜಿಕ ವರ್ಗದವನೇ ಆಗಲಿ ಸೋದರನೆಂದು ತಿಳಿಯಬೇಕೆಂಬ ಮಾತಿದೆ. ಬ್ರೌನ್‌ಸೀಯ ಡೇರೆಯಲ್ಲಿ ಅದು ನಿಜವೂ ಆಗಿತ್ತು. ಬೆಂಗಳೂರಿನ ದಂಡು ಪ್ರದೇಶಕ್ಕೆ ಬರುವಷ್ಟರಲ್ಲಿ ಚರ್ಮದ ಬಣ್ಣದ ಬಳಿ ಬಂದು ನಿಂತುಹೋಯಿತು.

ಬಾಗಿಲು ತೆರೆಯದಿದ್ದಾಗ ನಮ್ಮವರು ಬೇರೆ ಮನೆಯನ್ನೇ ಕಟ್ಟಿದರು. 1913ರಲ್ಲಿ ಶಾಹಜಹಾನ್‌ಪುರದಲ್ಲಿ ಶ್ರೀರಾಮ ಬಾಜಪೇಯಿಯವರು ಭಾರತೀಯ ಹುಡುಗರ ದಳ ಆರಂಭಿಸಿದರು. ಮುಂದೆ ಅವರೊಡನೆ ಮದನಮೋಹನ ಮಾಳವೀಯರೂ ಹೃದಯನಾಥ ಕುಂಜ್ರೂ ಅವರೂ ಸೇರಿ ಅಲಹಾಬಾದಿನಲ್ಲಿ ಸೇವಾ ಸಮಿತಿಯ ಸ್ಕೌಟ್ ಸಂಘವನ್ನು ಬೆಳೆಸಿದರು. ದಕ್ಷಿಣದಲ್ಲಿ ಈ ಕೆಲಸ ಮಾಡಿದವರು ಆನಿ ಬೆಸಂಟ್ ಮತ್ತು ಜಾರ್ಜ್ ಅರುಂಡೇಲ್. 1916-17ರ ಸುಮಾರಿಗೆ ಮದ್ರಾಸಿನಲ್ಲಿ ಅವರ ಸಂಘ ಕೆಲಸ ಮಾಡತೊಡಗಿತು. ಟೊಪ್ಪಿಗೆಯ ಬದಲು ಅಲ್ಲಿ ರುಮಾಲು. 1917ರಲ್ಲಿ ಹೋಂ ರೂಲ್ ಚಳವಳಿಗಾಗಿ ಬೆಸಂಟರನ್ನು ಸರ್ಕಾರ ಸ್ಥಾನಬಂಧನದಲ್ಲಿಟ್ಟಿತು ಎಂಬುದನ್ನು ನೆನೆದರೆ ಆಳುವವರ ಶಂಕೆಗೆ ಕಾರಣವೇನೆಂಬುದೂ ಹೊಳೆಯುತ್ತದೆ. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದು ಇವನ್ನೆಲ್ಲ ಕಣ್ಣಾರೆ ಕಂಡ ಮೇಲೆ ಅವನ ಸಂಸ್ಥೆಯ ಬಾಗಿಲು ಭಾರತೀಯ ಹುಡುಗರಿಗೆ ತೆರೆಯಿತು. ಬೆಸಂಟರ ಸಂಘ ಅದರಲ್ಲಿ ಲೀನವಾಯಿತು. ಸೇವಾ ಸಮಿತಿಯವರು ಮಾತ್ರ ಸೇರಲಿಲ್ಲ. 1932ರಲ್ಲಿ ಆ ಸಂಸ್ಥೆಯ ಅತ್ಯುಚ್ಚ ಪದಕವಾದ ಸಿಲ್ವರ್ ವುಲ್ಫ್ ಬೆಸಂಟರ ಕೊರಳಿಗೆ ಬಿತ್ತು.

ಅಲ್ಲಿಗೂ ಕಥೆ ಸುಖಾಂತವಾಗಲಿಲ್ಲ. 1937ರ ದೆಹಲಿ ಜಾಂಬೂರಿಗೆ ಬಂದುಹೋದ ವೃದ್ಧ ಬೇಡನ್ ಪೊವೆಲ್ ಭಾರತೀಯರ ಸ್ವಭಾವವನ್ನು ಕುರಿತು ಹಗುರವಾದ ಮಾತುಗಳನ್ನಾಡಿದನೆಂದು ಅನೇಕರು ಸಿಡಿದು ಹೊರಬಂದರು. 1938ರಲ್ಲಿ ಹಿಂದೂಸ್ಥಾನ್ ಸ್ಕೌಟ್ ಸಂಘ ಹುಟ್ಟಿತು. ಒಂದೇ ಊರಿನಲ್ಲಿ ಎರಡು ಸಂಘಗಳ ಹುಡುಗರು ಎರಡು ಬಾವುಟ ಹಿಡಿದು ನಡೆಯುವ ಈ ಸ್ಥಿತಿ ಸ್ವಾತಂತ್ರ್ಯದ ನಂತರವೂ ಇದ್ದು, 1950ರ ನವೆಂಬರ್ 7ರಂದು ಅವೆರಡೂ ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. 1951ರ ಆಗಸ್ಟ್ 15ರಂದು ಹೆಣ್ಣುಮಕ್ಕಳ ಗೈಡ್ ಸಂಘವೂ ಬಂದು ಸೇರಿತು. ಮೀರತ್ತಿನ ಆ ಬಾಣದ ತುದಿಯ ಮೇಲೆ ಅಶೋಕಚಕ್ರ ಬಂದು ಕುಳಿತದ್ದು ಹೀಗೆ. ದೊಡ್ಡಬಳ್ಳಾಪುರದಲ್ಲಿರುವ ನಮ್ಮ ರಾಜ್ಯದ ತರಬೇತಿ ಕೇಂದ್ರಕ್ಕೆ ಆನಿ ಬೆಸಂಟ್ ಪಾರ್ಕ್ ಎಂದು ಹೆಸರು. ಅಲ್ಲಿ ದಿನಗಟ್ಟಲೆ ಗಂಟು ಕಟ್ಟುತ್ತ, ಡೇರೆ ಎಬ್ಬಿಸುತ್ತ ಕಳೆದ ನಾನು ಆ ಹೆಸರು ಏಕೆಂದು ಒಮ್ಮೆಯೂ ಕೇಳಿರಲಿಲ್ಲ. ಉಪಾಧ್ಯಾಯನಾದವನಿಗೆ ಇದು ತಕ್ಕ ಮಾತಲ್ಲ, ಆದರೆ ನಿಜ.

ಆಗಸ್ಟ್ 1 ಬುಧವಾರ. ಸಣ್ಣಗೆ ಜಡಿಮಳೆ. ಅತ್ತ ಬ್ರೌನ್‌ಸೀಯಲ್ಲಿ ಮುನ್ನೂರಕ್ಕೂ ಮಿಕ್ಕ ಸ್ಕೌಟುಗಳು ನಾನಾ ದೇಶಗಳಿಂದ ಬಂದು ಸೇರಿದ್ದರು; ಚೆಮ್ಸ್‌ಫರ್ಡಿನ ಹೈಲ್ಯಾಂಡ್ಸ್ ಪಾರ್ಕಿನಲ್ಲಿ ನಡೆಯುತ್ತಿದ್ದ ವಿಶ್ವ ಜಾಂಬೂರಿಯಲ್ಲಿ ಮೂವತ್ತೆಂಟು ಸಾವಿರಕ್ಕೂ ಹೆಚ್ಚು ಮಂದಿ. ದ್ವೀಪದಲ್ಲಿ 1907ರ ಶಿಬಿರವನ್ನು ಇದ್ದಂತೆಯೇ ಮರುರಚಿಸಿ ತೋರಿಸಿದರು. ಎಂಟು ಗಂಟೆಗೆ ಕುಡು ಕೊಂಬೂ ಮೊಳಗಿತು. ನಮ್ಮ ಎಂಟು ಗಂಟೆ ಅವರಿಗಿಂತ ನಾಲ್ಕೂವರೆ ತಾಸು ಮುಂಚೆ. ನಮ್ಮಲ್ಲಿ ಊದಿದ್ದು ಮಾರಮ್ಮನ ಗುಡಿಯ ಕಹಳೆ. ಮಕ್ಕಳು ಮೂರು ಬೆರಳೆತ್ತಿ ಪ್ರತಿಜ್ಞೆ ಹೇಳಿದರು. ನನಗೆ ಮಾತನಾಡಲು ಹತ್ತು ನಿಮಿಷ ಕೊಟ್ಟಿದ್ದರು. ಬೆಂಗಳೂರಿನ 1909ರ ಸಂಗತಿಯನ್ನು ಪೂರ್ತಿಯಾಗಿ ಹೇಳಿದೆ. ಹಬ್ಬದ ದಿನ ಇದೇಕೆ ಎಂಬ ಭಾವ ವೇದಿಕೆಯ ಮೇಲಿದ್ದ ಒಬ್ಬಿಬ್ಬರ ಮುಖದಲ್ಲಿತ್ತು. ಕಿಮ್ ಆಟ ಗೆದ್ದ ಹುಡುಗಿ ಮಾತ್ರ ಕೈಯೆತ್ತಿ, "ಸಾರ್, ಹಾಗಾದ್ರೆ ಆ ಹಿಂದೂ ಹುಡುಗನ ಹೆಸರೇನು?" ಎಂದು ಕೇಳಿದಳು. ಕಾದಂಬರಿಯಲ್ಲಿ ಅವನನ್ನು ಬರಿದೆ ಹುಡುಗ ಎಂದೇ ಕರೆಯುತ್ತಾರಮ್ಮ ಎಂದೆ.

ಆ ದಿನದ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಮಳೆಯೆಂದು ಹಿಂದಿನ ಸಂಜೆ ಶಾಮಿಯಾನ ಹಾಕಿಸಿದ್ದರು. ಕಂಬಗಳಿಗೆ ಬಿದಿರು ಬಿಗಿಯುತ್ತಿದ್ದವನ ಕೈಯನ್ನು ದೂರದಿಂದ ನೋಡಿದೆ. ಗೂಟದ ಗಂಟು, ಅದರ ಮೇಲೆ ಚೌಕಬಿಗಿತ, ಕೊನೆಗೆ ಮತ್ತೆ ಗೂಟದ ಗಂಟು. ನಮ್ಮ ಸ್ಕೌಟ್ ಪಠ್ಯದಲ್ಲಿರುವ ಕ್ರಮದಲ್ಲೇ. ಹತ್ತಿರ ಹೋದಾಗ ಗುರುತು ಹತ್ತಿತು. 1984ರಲ್ಲಿ ಅವನು ನನ್ನ ದಳದಲ್ಲಿದ್ದ. ಗಂಟು ಕಟ್ಟುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದರೂ ಕಟ್ಟುತ್ತಿದ್ದ. ಆ ವರ್ಷ ಜಿಲ್ಲೆಯ ಪದಕ ಪರೀಕ್ಷೆಯ ಶಿಬಿರಕ್ಕೆ ಆರು ಹುಡುಗರ ಹೆಸರು ಕಳುಹಿಸಬೇಕಿತ್ತು. ಪೂರ್ಣ ಸಮವಸ್ತ್ರವಿಲ್ಲದವರನ್ನು ಕಳುಹಿಸಬಾರದೆಂದು ಸೂಚನೆ. ಅವನಿಗೆ ಬೂಟಿರಲಿಲ್ಲ, ಬೆಲ್ಟಿರಲಿಲ್ಲ, ಅಂಗಿ ಅಣ್ಣನದು. ಅವನ ಹೆಸರನ್ನು ಬಿಟ್ಟು, ಬಟ್ಟೆ ಅಂಗಡಿಯವರ ಮಗನ ಹೆಸರನ್ನು ಬರೆದವನು ನಾನೇ. ಯಾರೂ ನನ್ನ ಕೈ ಹಿಡಿದು ಬರೆಸಿರಲಿಲ್ಲ. ಒಂದು ಜೊತೆ ಕ್ಯಾನ್ವಾಸ್ ಬೂಟಿನ ಬೆಲೆ ನನ್ನ ಸಂಬಳಕ್ಕೆ ಮೀರಿದ್ದೂ ಅಲ್ಲ. ಮರುವರ್ಷ ಅವನು ಶಾಲೆ ಬಿಟ್ಟ. ಕಾರಣ ಇದೇ ಎಂದು ನಾನು ಹೇಳಲಾರೆ. ಅವರ ಮನೆಯಲ್ಲಿ ಬೇರೆ ಕಾರಣಗಳಿಗೆ ಕೊರತೆಯಿರಲಿಲ್ಲ.

ಬ್ರೌನ್‌ಸೀಯ ಹುಡುಗರಿಗೆ ಸಮವಸ್ತ್ರವೇ ಇರಲಿಲ್ಲ, ಮೂರೂವರೆ ಷಿಲಿಂಗು ಕೊಟ್ಟವನಿಗೂ ಅದೇ ಹಿತ್ತಾಳೆ ಬಿಲ್ಲೆ ಸಿಕ್ಕಿತು ಎಂದು ಓದಿದಾಗ ನಾನು ಪುಸ್ತಕ ಮುಚ್ಚಿದ್ದು ಇದಕ್ಕೇ.

ಶತಮಾನೋತ್ಸವದಲ್ಲಿ ಹಿಂದೆ ಪದಕ ಗಳಿಸಿದ್ದ ಹಳೆಯ ವಿದ್ಯಾರ್ಥಿಗಳಿಗೆ ಸನ್ಮಾನವಿತ್ತು. ಹೆಸರುಗಳ ಪಟ್ಟಿಯನ್ನು ಶಾಲೆಯ ದಾಖಲೆಯಿಂದ ತೆಗೆದಿದ್ದರು. ಅವನ ಹೆಸರು ಅದರಲ್ಲಿರುವುದು ಹೇಗೆ ಸಾಧ್ಯ? ಸೇರಿಸಿರೆಂದು ಮುಖ್ಯೋಪಾಧ್ಯಾಯರನ್ನು ಕೇಳೋಣವೆಂದುಕೊಂಡೆ. ಗಳಿಸದ ಪದಕಕ್ಕೆ ಶಾಲು ಹೊದಿಸಿದರೆ ಅದು ಅವನಿಗೆ ಇನ್ನೊಂದು ಅವಮಾನವೆನ್ನಿಸಿ ಸುಮ್ಮನಾದೆ. ಬದಲಿಗೆ, ಮಕ್ಕಳ ಗಂಟಿನ ಸ್ಪರ್ಧೆಗೆ ತೀರ್ಪುಗಾರನಾಗಬೇಕೆಂದು ಅವನನ್ನೇ ಕೇಳಿದೆ. ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದ. ಮುಲಾಜಿಲ್ಲದ ತೀರ್ಪು. ಚೌಕಗಂಟಿನ ಬದಲು ಅಡ್ಡಗಂಟು ಹಾಕಿದ ಏಳು ಜನರನ್ನು ಒಂದೇ ನೋಟಕ್ಕೆ ಹೊರಗೆ ನಿಲ್ಲಿಸಿದ. ಅವರಲ್ಲಿ ಮುಖ್ಯ ಅತಿಥಿಗಳ ಮೊಮ್ಮಗನೂ ಇದ್ದ. ಗೆದ್ದವನಿಗೆ ಸ್ಟೀಲ್ ತಟ್ಟೆಯನ್ನು ಅವನ ಕೈಯಿಂದಲೇ ಕೊಡಿಸಿದೆವು.

ಸಂಜೆ ಎಲ್ಲರೂ ಹೋದ ಮೇಲೆ ಅವನು ಶಾಮಿಯಾನ ಬಿಚ್ಚುತ್ತಿದ್ದ. ನೆನೆದ ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದವನ ಹತ್ತಿರ ನಿಂತು, 1984ರ ಆ ಪಟ್ಟಿಯ ವಿಷಯವನ್ನು ಎತ್ತಿದೆ. ತಪ್ಪು ನನ್ನದು ಎಂದೆ. ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಸಾರ್" ಎಂದ. ಸ್ವಲ್ಪ ಹೊತ್ತಿನ ಮೇಲೆ, "ನೀವು ಹೇಳಿಕೊಟ್ಟ ಗೂಟದ ಗಂಟು ಒದ್ದೆ ಬಿದಿರಿನ ಮೇಲೆ ಜಾರುತ್ತೆ. ಇನ್ನೊಂದು ಸುತ್ತು ಹಾಕ್ಬೇಕು. ಅದು ನೀವು ಹೇಳಿಕೊಡ್ಲಿಲ್ಲ" ಎಂದು ಒಂದು ಕಂಬಕ್ಕೆ ಕಟ್ಟಿ ತೋರಿಸಿ, ಬಿಚ್ಚಿ, ಹಗ್ಗವನ್ನು ಲಗೇಜ್ ಆಟೋಗೆ ಎಸೆದ.

ಮನೆಗೆ ಬಂದು ಹಿತ್ತಲಿನ ಪರಂಗಿ ಗಿಡಕ್ಕೆ ಊರೆಯಾಗಿ ನಿಲ್ಲಿಸಿದ್ದ ಬಿದಿರಿಗೆ ಹಾಗೆಯೇ ಒಂದು ಸುತ್ತು ಹೆಚ್ಚಿಗೆ ಹಾಕಿ ಕಟ್ಟಿದೆ. ಆ ಮಳೆಗಾಲ ಮುಗಿಯುವವರೆಗೂ ಅದು ಸಡಿಲವಾಗಲಿಲ್ಲ.